ತಲೆನೋವಿಗೆ ಉತ್ತರ ಕಣ್ಣಲ್ಲಿತ್ತು

ನನಗಿದ್ದದ್ದು ಮೂರು ತೊಂದರೆ. ತಲೆನೋವು, ವಾಕರಿಕೆ, ಕಣ್ಣು ಮಂಜಾಗುವುದು. ತಲೆನೋವಿಗೆ ಒಬ್ಬ ಡಾಕ್ಟರು, ವಾಕರಿಕೆಗೆ ಇನ್ನೊಬ್ಬರು, ಕಣ್ಣಿಗೆ ಕನ್ನಡಕದವರು. ಎಲ್ಲರೂ ತಮ್ಮ ಪಾಲಿಗೆ ಬಂದದ್ದನ್ನು ಸರಿಯಾಗಿಯೇ ನೋಡಿದರು. ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡಿದವರು ಮಾತ್ರ ಯಾರೂ ಇರಲಿಲ್ಲ. ಹಾಗಾಗಿಯೇ ಉತ್ತರ ಸಿಗೋಕೆ ಅಷ್ಟು ತಿಂಗಳು ಹಿಡಿಯಿತು ಅಂತ ಈಗಲೂ ನನಗನ್ನಿಸುತ್ತದೆ.

ತಲೆನೋವಿನ ಕಷ್ಟ ಏನಂದರೆ, ಅದು ಎಲ್ಲರಿಗೂ ಗೊತ್ತಿರುವ ನೋವು. ಹೇಳಿದರೆ "ನನಗೂ ಬರುತ್ತೆ ಬಿಡು" ಅನ್ನುವವರೇ ಜಾಸ್ತಿ. ನಿದ್ದೆ ಕಮ್ಮಿಯಾಗಿರಬೇಕು, ಮೊಬೈಲ್ ಜಾಸ್ತಿ ನೋಡ್ತೀಯ, ನೀರು ಕುಡಿಯಲ್ಲ. ಇಷ್ಟು ಕಾರಣಗಳಲ್ಲಿ ಒಂದು ಎಲ್ಲರ ಹತ್ತಿರವೂ ರೆಡಿ ಇರುತ್ತದೆ. ನನಗೂ ಮೊದಮೊದಲು ಹಾಗೇ ಅನಿಸಿತ್ತು. ನಿದ್ದೆ ಮಾಡಿದೆ, ನೀರು ಕುಡಿದೆ, ಮೊಬೈಲ್ ಬದಿಗಿಟ್ಟೆ. ನೋವು ಎಲ್ಲೂ ಹೋಗಲಿಲ್ಲ.

ಈ ನೋವಿಗೆ ಅದರದ್ದೇ ಒಂದು ಚಾಳಿ ಇತ್ತು. ಬೆಳಿಗ್ಗೆ ಕಣ್ಣು ಬಿಡುವಾಗಲೇ ಇರುತ್ತಿತ್ತು. ಎದ್ದು ಕೂತು ಸ್ವಲ್ಪ ಹೊತ್ತು ಓಡಾಡಿದರೆ ತುಸು ಇಳಿಯುತ್ತಿತ್ತು. ಮತ್ತೆ ಮಲಗಿದರೆ ಏರುತ್ತಿತ್ತು. ಕೆಮ್ಮಿದರೆ, ಸೀನಿದರೆ, ಬಗ್ಗಿ ಏನಾದರೂ ಎತ್ತಿದರೆ ಹಿಂದಲೆಯಿಂದ ಕಣ್ಣಿನ ಗುಡ್ಡೆಯ ಹಿಂಭಾಗದವರೆಗೆ ಒತ್ತಿಕೊಂಡು ಬರುತ್ತಿತ್ತು. ಅದರ ಜೊತೆಗೇ ಬೆಳಗಿನ ಹೊತ್ತು ವಾಕರಿಕೆ. ವಾಂತಿ ಆಗುತ್ತಿದ್ದದ್ದು ಅಪರೂಪ. ಆದರೆ ಆಗೇ ಬಿಡುತ್ತದೇನೋ ಅನ್ನುವ ಸ್ಥಿತಿ ಮಧ್ಯಾಹ್ನದವರೆಗೂ ಬಿಡುತ್ತಿರಲಿಲ್ಲ.

ಕಣ್ಣಿನದು ಇನ್ನೂ ವಿಚಿತ್ರ. ಬಗ್ಗಿ ಚಪ್ಪಲಿ ಹಾಕಿಕೊಂಡು ಮೇಲೆದ್ದರೆ ನೋಟ ಬೂದಿ ಬಣ್ಣಕ್ಕೆ ತಿರುಗಿ ಕಪ್ಪಾಗುತ್ತಿತ್ತು. ಐದಾರು ಸೆಕೆಂಡು ಅಷ್ಟೇ. ಆಮೇಲೆ ಏನೂ ಆಗದ ಹಾಗೆ ಎಲ್ಲ ವಾಪಸು ಬರುತ್ತಿತ್ತು. ತಲೆ ಸುತ್ತಿತು ಅಂತ ನಾನೇ ಹೆಸರು ಕೊಟ್ಟುಕೊಂಡಿದ್ದೆ. ತಲೆ ಸುತ್ತುತ್ತಿರಲಿಲ್ಲ, ಕಣ್ಣು ಮಾತ್ರ ಹೋಗಿ ಬರುತ್ತಿತ್ತು. ಉಳಿದ ಹೊತ್ತಿನಲ್ಲಿ ಕನ್ನಡಕ ಒರೆಸಿಕೊಳ್ಳಬೇಕು ಅನಿಸುವಂಥ ಮಂಜು. ಎಷ್ಟು ಒರೆಸಿದರೂ ಹೋಗದ ಮಂಜು.

ಮೊದಲು ನೋಡಿದ ಡಾಕ್ಟರು ಬಿಪಿ ನೋಡಿದರು. ಇದನ್ನು ಬಿಡಬಾರದು ಅಂತ ಆಮೇಲೆ ಗೊತ್ತಾಯಿತು. ಬಿಪಿ ವಿಪರೀತ ಏರಿದರೂ ಇದೇ ತರಹದ ತಲೆನೋವು, ಕಣ್ಣು ಮಂಜು ಬರಬಹುದಂತೆ. ನನ್ನದು ಸರಿಯಿತ್ತು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ಎಲ್ಲ ನಾರ್ಮಲ್. "ಮೈಗ್ರೇನ್ ಇರಬೇಕು" ಅಂದರು. ಅವರ ಊಹೆ ತೀರಾ ತಪ್ಪೇನಲ್ಲ. ತಲೆನೋವು, ವಾಕರಿಕೆ, ಕಣ್ಣಿನ ತೊಂದರೆ ಮೂರೂ ಒಟ್ಟಿಗೆ ಬಂದರೆ ಹತ್ತರಲ್ಲಿ ಎಂಟು ಮಂದಿಯ ಬಾಯಲ್ಲಿ ಮೊದಲು ಬರುವ ಮಾತು ಅದೇ. ಆದರೆ ಮೈಗ್ರೇನ್ ಇರುವವರು ಕತ್ತಲ ಕೋಣೆಯಲ್ಲಿ ಮಲಗಿದರೆ ಸಾಕಪ್ಪಾ ಅನ್ನುತ್ತಾರೆ. ನನಗೆ ಮಲಗಿದರೇ ಕಷ್ಟ. ಮೈಗ್ರೇನಿನಲ್ಲಿ ಕಣ್ಣ ಮುಂದೆ ಅಂಕುಡೊಂಕು ಗೆರೆ, ಮಿನುಗು ಕಂಡರೆ ಅದು ಸಾಮಾನ್ಯವಾಗಿ 5 ನಿಮಿಷದಿಂದ ಒಂದು ಗಂಟೆಯವರೆಗೆ ಇರುತ್ತದೆ. ನನ್ನದು ಸೆಕೆಂಡುಗಳ ಲೆಕ್ಕ. ಮಲಗಿದರೆ ಹೇಗಿರುತ್ತೆ ಅನ್ನುವ ಒಂದು ಪ್ರಶ್ನೆ ಅಲ್ಲಿ ಬಂದಿದ್ದರೆ ದಾರಿಯೇ ಬೇರೆಯಾಗುತ್ತಿತ್ತೋ ಏನೋ.

ಮೈಗ್ರೇನ್ ಮಾತ್ರೆ ನಾಟಲಿಲ್ಲ. ಸೈನಸ್ ಇರಬಹುದು ಅಂತ ಒಂದಷ್ಟು ದಿನ ಮೂಗಿಗೆ ಸ್ಪ್ರೇ. ವಾಕರಿಕೆಗೆ ಗ್ಯಾಸ್ಟ್ರಿಕ್ ಮಾತ್ರೆ, ಅದರ ಹಿಂದೆಯೇ ಎಂಡೋಸ್ಕೋಪಿ. ಹೊಟ್ಟೆ ಚೆನ್ನಾಗಿತ್ತು. ಇವುಗಳ ಬಗ್ಗೆ ಹೇಳಲಿಕ್ಕೆ ಹೆಚ್ಚೇನೂ ಇಲ್ಲ. ಎಲ್ಲದರಲ್ಲೂ ನಾರ್ಮಲ್, ನಾರ್ಮಲ್, ನಾರ್ಮಲ್. ನಾರ್ಮಲ್ ರಿಪೋರ್ಟ್ ನೋಡಿ ಅಳು ಬರಬಹುದು ಅಂತ ಯಾರಾದರೂ ಹೇಳಿದ್ದರೆ ಮೊದಲು ನಾನು ನಂಬುತ್ತಿರಲಿಲ್ಲ.

ಕನ್ನಡಕದ ಅಂಗಡಿಯಲ್ಲಿ ಆದದ್ದನ್ನು ಮಾತ್ರ ಹೇಳಲೇಬೇಕು. ನನಗೆ ಶಾಲೆಯ ಕಾಲದಿಂದ ಮೈನಸ್ ಪವರ್. ಪರೀಕ್ಷೆ ಮಾಡಿದ ಹುಡುಗ ಖುಷಿಯಿಂದ "ಮೇಡಂ, ನಿಮ್ಮ ಪವರ್ ಕಮ್ಮಿಯಾಗಿದೆ, ಒಳ್ಳೇದೇ ಆಯ್ತಲ್ವಾ" ಅಂದ. ನನಗೂ ಒಂದು ಕ್ಷಣ ಒಳ್ಳೆಯದೇ ಅನಿಸಿತು. ಹೊಸ ಕನ್ನಡಕ ಬಂತು, ಮಂಜು ಹಾಗೇ ಉಳಿಯಿತು. ಆ ವಯಸ್ಸಿನಲ್ಲಿ ಮೈನಸ್ ಪವರ್ ತಾನಾಗಿ ಯಾಕೆ ಇಳಿಯಿತು ಅಂತ ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅದಕ್ಕೆ ಕಾರಣ ಇತ್ತು. ಮುಂದೆ ಹೇಳುತ್ತೇನೆ.

ಈ ನಡುವೆ ನೋವಿನ ಮಾತ್ರೆ ದಿನಚರಿಯ ಭಾಗವಾಗಿಬಿಟ್ಟಿತ್ತು. ಅದನ್ನು ಗಮನಿಸಿದ ಒಬ್ಬ ಡಾಕ್ಟರು, ಮಾತ್ರೆಯಿಂದಲೇ ತಲೆನೋವು ಬರುತ್ತಿರಬಹುದು ಅಂದರು. ಇದು ಹೆದರಿಸುವ ಮಾತಲ್ಲ, ನಿಜ. ಸಾದಾ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು, ಮೂರು ತಿಂಗಳಿಗೂ ಮೀರಿ ತೆಗೆದುಕೊಂಡರೆ ಮಾತ್ರೆಯೇ ತಲೆನೋವನ್ನು ಸಾಕುತ್ತದೆ. ಅವರು ಹೇಳಿದಂತೆ ನಿಲ್ಲಿಸಿದೆ. ಮೊದಲ ವಾರ ನರಕ. ಆಮೇಲೆ ಸಂಜೆಯ ನೋವು ನಿಜವಾಗಿಯೂ ಇಳಿಯಿತು. ಬೆಳಗಿನದು ಜಾಗ ಬಿಡಲಿಲ್ಲ. ಒಂದರ್ಥದಲ್ಲಿ ಅದರಿಂದ ಉಪಕಾರವೇ ಆಯಿತು. ಮೇಲಿನ ಪದರ ಹೋಗಿ ಕೆಳಗಿನದು ಸ್ಪಷ್ಟವಾಗಿ ಕಾಣಿಸಿತು.

ತಲೆಯ ಸಿಟಿ ಸ್ಕ್ಯಾನ್ ಕೂಡ ಆಯಿತು. ನಾರ್ಮಲ್. ಅಲ್ಲಿಗೆ ಡಾಕ್ಟರು ಪೆನ್ನು ಕೆಳಗಿಟ್ಟು, "ಮನೆಯಲ್ಲಿ ಏನಾದ್ರೂ ಟೆನ್ಷನ್ ಇದೆಯಾ?" ಅಂತ ಕೇಳಿದರು. ಟೆನ್ಷನ್ ಯಾರಿಗಿಲ್ಲ? ದಿನಾ ತಲೆ ನೋಯುತ್ತಿದ್ದರೆ ಟೆನ್ಷನ್ ಇರದೆ ಇರುತ್ತದೆಯೇ? ಆದರೆ ಆ ಪ್ರಶ್ನೆ ಬಂದ ಮೇಲೆ ಮನೆಯವರ ನೋಟವೂ ಬದಲಾಗುತ್ತದೆ. ಪ್ರೀತಿಯಿಂದಲೇ ಬದಲಾಗುತ್ತದೆ, ಆದರೂ ಬದಲಾಗುತ್ತದೆ. "ಯೋಗ ಮಾಡು, ಸರಿ ಹೋಗುತ್ತೆ" ಅನ್ನುವ ಸಲಹೆಗಳು ಶುರುವಾದವು. ನನಗೇ ನನ್ನ ಮೇಲೆ ಅನುಮಾನ ಬರತೊಡಗಿತು. ಸುಮ್ನೆ ದೊಡ್ಡದು ಮಾಡ್ತಿದ್ದೀನಾ? ಮಲಗಿದಾಗ ನೋವು ಏರುವುದು ಮನಸ್ಸಿನ ಆಟವಾ?

ಅಕ್ಕ ಒಬ್ಬಳು ಮಾತ್ರ ಒಪ್ಪಲಿಲ್ಲ. "ಟೆನ್ಷನ್‌ಗೆ ಕಣ್ಣು ಕಪ್ಪಾಗಲ್ಲ ಕಣೇ. ದೊಡ್ಡ ಕಣ್ಣಿನ ಡಾಕ್ಟರಿಗೆ ತೋರಿಸೋಣ" ಅಂತ ಹೇಳುತ್ತಲೇ ಇದ್ದಳು. ಕಣ್ಣು ತೋರಿಸಿ ಆಯಿತಲ್ಲ ಅಂತ ನನ್ನ ವಾದ. ಕನ್ನಡಕದ ಪರೀಕ್ಷೆಯೂ ಕಣ್ಣಿನೊಳಗೆ ನೋಡುವ ಪರೀಕ್ಷೆಯೂ ಬೇರೆ ಬೇರೆ ಅಂತ ನನಗೆ ಆಗ ಗೊತ್ತಿರಲಿಲ್ಲ. ಕೊನೆಗೆ ವಾದ ಮುಗಿಸಿದ್ದು ಒಂದು ಬೆಳಿಗ್ಗೆ. ರಸ್ತೆಯ ಆ ಕಡೆಯ ಬೋರ್ಡು ಎರಡಾಗಿ ಕಂಡಿತು, ಅಕ್ಕಪಕ್ಕ. ಒಂದು ಕಣ್ಣು ಮುಚ್ಚಿದರೆ ಒಂದೇ. ಎರಡೂ ಬಿಟ್ಟರೆ ಮತ್ತೆ ಎರಡು. ಅವತ್ತೇ ಹೊರಟೆವು.

ಕಣ್ಣಿನ ಡಾಕ್ಟರಮ್ಮ ನನ್ನ ದಪ್ಪ ಫೈಲನ್ನು ಪಕ್ಕಕ್ಕಿಟ್ಟರು. ಮೊದಲು ಕಣ್ಣಿಗೆ ಡ್ರಾಪ್ಸ್ ಹಾಕಿಸಿದರು. ಸ್ವಲ್ಪ ಉರಿ. ಅರ್ಧ ಗಂಟೆಯಲ್ಲಿ ಪಾಪೆ ಅಗಲವಾಗಿ, ಹತ್ತಿರದ್ದು ಏನೂ ಓದಲಾಗದೆ, ಬೆಳಕು ಚುಚ್ಚತೊಡಗಿತು. ಆಮೇಲೆ ಗಲ್ಲವನ್ನು ಸ್ಟ್ಯಾಂಡಿನ ಮೇಲಿಡಿಸಿ, ಕೈಯಲ್ಲಿ ಸಣ್ಣ ಲೆನ್ಸ್ ಹಿಡಿದು, ಬೆಳಕು ಬಿಟ್ಟು ನೋಡಿದರು. ಬಲಗಣ್ಣು ನೋಡಿದರು. ಎಡಗಣ್ಣು ನೋಡಿದರು. ಮತ್ತೆ ಬಲಗಣ್ಣಿಗೆ ಬಂದರು. ಅಷ್ಟು ಹೊತ್ತು ಮಾತಾಡಿಕೊಂಡೇ ಇದ್ದವರು ಸುಮ್ಮನಾದರು. ಕುರ್ಚಿ ಹಿಂದೆ ಸರಿಸಿ ಕೇಳಿದರು: "ನಿಮ್ಮ ಜೊತೆ ಯಾರಾದ್ರೂ ಬಂದಿದ್ದಾರಾ?"

ಅಕ್ಕನನ್ನು ಒಳಗೆ ಕರೆದರು.

ಕಣ್ಣಿನ ಹಿಂಭಾಗದಲ್ಲಿ ಒಂದು ಗುಂಡನೆಯ ಜಾಗವಿದೆ. ಕಣ್ಣಿನಿಂದ ಮೆದುಳಿಗೆ ಹೋಗುವ ನರ ಶುರುವಾಗುವುದು ಅಲ್ಲಿಂದಲೇ. ಆರೋಗ್ಯವಾಗಿದ್ದರೆ ಅದರ ಅಂಚು ಗೆರೆ ಎಳೆದಷ್ಟು ಸ್ಪಷ್ಟ. ನನ್ನ ಎರಡೂ ಕಣ್ಣಲ್ಲಿ ಅಂಚು ಅಳಿಸಿಹೋಗಿತ್ತು. ನರದ ತುದಿ ಊದಿಕೊಂಡಿತ್ತು. ಫೋಟೋ ತೆಗೆದು ಪರದೆಯ ಮೇಲೆ ತೋರಿಸಿದರು, ಪಕ್ಕದಲ್ಲಿ ಒಂದು ಸರಿಯಿರುವ ಕಣ್ಣಿನ ಚಿತ್ರ ಇಟ್ಟರು. ನನ್ನ ಮಂಜುಗಣ್ಣಿಗೂ ವ್ಯತ್ಯಾಸ ಕಂಡಿತು. ತಲೆಬುರುಡೆಯೊಳಗಿನ ಒತ್ತಡ ಏರಿದಾಗ ನರ ಹೀಗೆ ಊದಿಕೊಳ್ಳುವುದಕ್ಕೆ ಪಾಪಿಲಿಡೀಮಾ ಅನ್ನುತ್ತಾರೆ. ಮೆದುಳಿನ ಸುತ್ತ ಇರುವ ದ್ರವ ಈ ನರದ ಹೊದಿಕೆಯೊಳಗೂ ಇರುತ್ತದೆ. ತಲೆಯಲ್ಲಿ ಒತ್ತಡ ಏರಿದರೆ ಆ ಹೊದಿಕೆಯ ಮೂಲಕ ಕಣ್ಣಿನ ಹಿಂದಕ್ಕೂ ತಲುಪುತ್ತದೆ. ಹಿಂದಿನಿಂದ ಒತ್ತಿ ಒತ್ತಿ ಕಣ್ಣಿನ ಗುಡ್ಡೆಯೂ ಸ್ವಲ್ಪ ಚಪ್ಪಟೆಯಾಗಬಹುದು. ಗುಡ್ಡೆಯ ಉದ್ದ ಕಮ್ಮಿಯಾದರೆ ಮೈನಸ್ ಪವರ್ ಇಳಿಯುತ್ತದೆ. ಕನ್ನಡಕದ ಹುಡುಗ ಖುಷಿಪಟ್ಟಿದ್ದು ಇದಕ್ಕೆ.

ಎಲ್ಲ ಊತವೂ ಪಾಪಿಲಿಡೀಮಾ ಅಲ್ಲ ಅಂತಲೂ ಅವರೇ ಹೇಳಿದರು. ಕೆಲವರಿಗೆ ನರದ ತುದಿಯಲ್ಲಿ ಹುಟ್ಟಿನಿಂದಲೇ ಬರುವ ಸಣ್ಣ ಗಟ್ಟಿ ಕಣಗಳಿಂದ ಊದಿದಂತೆ ಕಾಣುತ್ತದಂತೆ. ಅದಕ್ಕೆ ಓಸಿಟಿ ಅನ್ನುವ ಸ್ಕ್ಯಾನ್ ಮಾಡಿ ನರದ ಪದರದ ದಪ್ಪ ಅಳೆದರು. ನನ್ನದು ನಿಜವಾದ ಊತವೇ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕಣ್ಣಿನೊಳಗೆ ಬೆಳಕು ಬಿಟ್ಟು ಹಿಂಭಾಗ ನೋಡುವ ಉಪಕರಣವನ್ನು ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಲೋಕಕ್ಕೆ ತೋರಿಸಿದ್ದು 1851ರಲ್ಲಿ. ಆಗ ಎಕ್ಸ್‌ರೇ ಕೂಡ ಇರಲಿಲ್ಲ. ಅಷ್ಟು ಹಳೆಯ ಪರೀಕ್ಷೆ, ಸಿಟಿ ಸ್ಕ್ಯಾನಿಗೆ ಕಾಣದ್ದನ್ನು ಕೆಲವೇ ನಿಮಿಷದಲ್ಲಿ ತೋರಿಸಿತು. ಇಷ್ಟು ತಿಂಗಳಲ್ಲಿ ನನ್ನ ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿದ್ದರು. ಕಣ್ಣಿನೊಳಗೆ ಯಾರೂ ಇಣುಕಿರಲಿಲ್ಲ. ಇದರ ಬಗ್ಗೆ ನನಗೆ ಈಗಲೂ ಸಿಟ್ಟಿದೆ. ತಲೆನೋವಿನ ಜೊತೆ ನೋಟವೂ ಕೆಡುತ್ತಿದ್ದರೆ ಕಣ್ಣಿನ ಹಿಂಭಾಗ ನೋಡುವುದು ಮೊದಲ ಪರೀಕ್ಷೆಯಾಗಬೇಕು, ಕೊನೆಯದಲ್ಲ.

"ಇವತ್ತೇ ಆಸ್ಪತ್ರೆಗೆ ಹೋಗಿ. ನಾಳೆ ಅಂತ ಇಟ್ಕೋಬೇಡಿ" ಅಂದರು. ಗಡ್ಡೆ ಇರಬಹುದಾ ಅಂತ ಅಕ್ಕ ಕೇಳಿದಳು. "ಅದು ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಕೇ ಕಳಿಸ್ತಿದ್ದೀನಿ" ಅಂದರು. ಸುಳ್ಳು ಧೈರ್ಯ ಹೇಳಲಿಲ್ಲ. ಅದು ನನಗೆ ಹಿಡಿಸಿತು.

ಎಂಆರ್‌ಐ, ಅದರ ಜೊತೆಗೆ ಎಂಆರ್‌ವಿ ಮಾಡಿದರು. ಎರಡನೆಯದು ಮೆದುಳಿನಿಂದ ರಕ್ತ ವಾಪಸು ಬರುವ ದೊಡ್ಡ ರಕ್ತನಾಳಗಳನ್ನು ನೋಡುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಿದ್ದರೂ ಇದೇ ಲಕ್ಷಣ ಬರುತ್ತವೆ, ಅದಕ್ಕೆ ಚಿಕಿತ್ಸೆಯೇ ಬೇರೆ, ಅದಕ್ಕೇ ಅವಸರ. ಮಷೀನಿನ ಸದ್ದಿನ ಬಗ್ಗೆ ಎಲ್ಲರೂ ಹೇಳುತ್ತಾರೆ. ನನಗೆ ಸದ್ದಿಗಿಂತ ಕಷ್ಟವಾದದ್ದು ಅಷ್ಟು ಹೊತ್ತು ಅಂಗಾತ ಮಲಗುವುದು. ಮಲಗಿದರೆ ಏರುವ ನೋವು ಅಂತ ಹೇಳಿದೆನಲ್ಲ. ಹಣೆಯೊಳಗೆ ಏನೋ ತುಂಬಿಕೊಳ್ಳುತ್ತಾ ಹೋಗುತ್ತಿತ್ತು, ಅಲ್ಲಾಡುವ ಹಾಗಿಲ್ಲ.

ರಿಪೋರ್ಟ್ ಬರುವ ತನಕದ ರಾತ್ರಿಯನ್ನು ವರ್ಣಿಸುವುದು ಬೇಡ. ಗಡ್ಡೆ ಇರಲಿಲ್ಲ. ಹೆಪ್ಪೂ ಇರಲಿಲ್ಲ. ಆದರೆ ಈ ಸಲ ನಾರ್ಮಲ್ ಅಂತಲೂ ಬರೆದಿರಲಿಲ್ಲ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಕೂರುವ ಗೂಡು ಅರ್ಧ ಖಾಲಿ ಕಾಣುತ್ತದೆ, ಅಂದರೆ ಗ್ರಂಥಿ ಒತ್ತಡಕ್ಕೆ ಚಪ್ಪಟೆಯಾಗಿದೆ. ಕಣ್ಣಿನ ಗುಡ್ಡೆಗಳ ಹಿಂಭಾಗ ಚಪ್ಪಟೆ. ಕಣ್ಣಿನ ನರದ ಹೊದಿಕೆ ಅಗಲ. ರಕ್ತ ಹೊರಹೋಗುವ ನಾಳ ಎರಡು ಕಡೆ ಕಿರಿದು.

ನರರೋಗದ ಡಾಕ್ಟರು ಕೇಳಿದ ಪ್ರಶ್ನೆಗಳು ನನಗೆ ಚೆನ್ನಾಗಿ ನೆನಪಿವೆ. ಅವರಿಗೆ ಉತ್ತರ ಮೊದಲೇ ಗೊತ್ತಿದ್ದ ಹಾಗಿತ್ತು.

"ಮಲಗಿದ್ರೆ ಜಾಸ್ತಿ ಆಗುತ್ತಾ?"

"ಹೌದು."

"ರಾತ್ರಿ ದಿಂಬಿಗೆ ತಲೆ ಕೊಟ್ರೆ ಕಿವೀಲಿ ಏನಾದ್ರೂ ಸದ್ದು?"

ನಾನು ಅಕ್ಕನ ಮುಖ ನೋಡಿದೆ. ಸುಯ್, ಸುಯ್ ಅಂತ ಒಂದು ಸದ್ದು ತಿಂಗಳುಗಳಿಂದ ಇತ್ತು. ನಾಡಿ ಬಡಿದ ಹಾಗೆ, ಅದೇ ಲಯದಲ್ಲಿ. ಮೆಟ್ಟಿಲು ಹತ್ತಿ ಬಂದರೆ ವೇಗವಾಗುತ್ತಿತ್ತು. ತಲೆನೋವಿಗೂ ಕಿವಿಗೂ ಏನು ಸಂಬಂಧ ಅಂತ ಅದು ಯಾವ ಡಾಕ್ಟರ ಮುಂದೆಯೂ ಬಂದಿರಲಿಲ್ಲ. ಕಿರಿದಾದ ನಾಳದಲ್ಲಿ ರಕ್ತ ನುಗ್ಗುವ ಸದ್ದು ಅದು ಅಂತ ಅವರು ವಿವರಿಸಿದರು.

"ಯಾವುದಾದ್ರೂ ಮಾತ್ರೆ ತಗೋತಿದ್ದೀರಾ?"

ನೋವಿನ ಮಾತ್ರೆ, ಗ್ಯಾಸ್ಟ್ರಿಕ್ ಮಾತ್ರೆ ಅಂದೆ. ಈ ಪ್ರಶ್ನೆಯನ್ನು ಎಲ್ಲರೂ ಕೇಳಿದ್ದರು, ಎಲ್ಲರಿಗೂ ಇದೇ ಉತ್ತರ. ಆದರೆ ಇವರು ಅಲ್ಲಿಗೆ ಬಿಡಲಿಲ್ಲ. "ಮೊಡವೆಗೆ? ಕೂದಲಿಗೆ? ವಿಟಮಿನ್ ಏನಾದ್ರೂ?" ಅಂತ ಒಂದೊಂದಾಗಿ ಕೇಳಿದರು. ಮೊಡವೆಗೆ ಚರ್ಮದ ಡಾಕ್ಟರು ಬರೆದುಕೊಟ್ಟಿದ್ದ ಮಿನೋಸೈಕ್ಲಿನ್ ನಡೆಯುತ್ತಿತ್ತು. ಪೆನ್ನು ನಿಂತಿತು. "ಇವತ್ತಿಂದ ಅದು ಬೇಡ" ಅಂದರು. ಮಿನೋಸೈಕ್ಲಿನ್, ಡಾಕ್ಸಿಸೈಕ್ಲಿನ್ ಸೇರಿದ ಟೆಟ್ರಾಸೈಕ್ಲಿನ್ ಗುಂಪಿನ ಔಷಧ, ಮೊಡವೆಗೇ ಕೊಡುವ ಐಸೊಟ್ರೆಟಿನಾಯಿನ್, ಜಾಸ್ತಿಯಾದ ವಿಟಮಿನ್ ಎ — ಇವು ಕೆಲವರಲ್ಲಿ ತಲೆಯೊಳಗಿನ ಒತ್ತಡ ಏರಿಸುತ್ತವೆ. ಎಲ್ಲರಿಗೂ ಅಲ್ಲ. ಲಕ್ಷಾಂತರ ಜನ ಈ ಮಾತ್ರೆ ನುಂಗಿ ಚೆನ್ನಾಗಿಯೇ ಇದ್ದಾರೆ.

ಅದಾದ ಮೇಲೆ ತೂಕದ ಮಾತು. ಹಿಂದಿನ ಎರಡು ವರ್ಷದಲ್ಲಿ ನನ್ನ ತೂಕ ಸಾಕಷ್ಟು ಏರಿತ್ತು. ಮಕ್ಕಳಾಗುವ ವಯಸ್ಸಿನ ಹೆಂಗಸರಲ್ಲಿ, ಅದರಲ್ಲೂ ತೂಕ ಏರಿದವರಲ್ಲಿ, ಈ ಕಾಯಿಲೆ ಹೆಚ್ಚು. ಹಾಗಂತ ತೆಳ್ಳಗಿರುವವರಿಗೆ, ಗಂಡಸರಿಗೆ, ಮಕ್ಕಳಿಗೆ ಬರುವುದೇ ಇಲ್ಲ ಅಂತಲ್ಲ. ತೂಕದ ಮಾತು ಬಂದಾಗ ಮುದುಡಿಕೊಳ್ಳುವುದು ನನಗೆ ಅಭ್ಯಾಸ. ಅವರು ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಬಿಪಿ ಹೇಳಿದ ಹಾಗೆ ಹೇಳಿ ಮುಂದಕ್ಕೆ ಹೋದರು. ಎಲ್ಲ ಡಾಕ್ಟರೂ ಹೀಗೆ ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಒತ್ತಡ ಏರಿದೆ ಅನ್ನುವುದಕ್ಕೆ ಇಷ್ಟು ಸುಳಿವು ಸಿಕ್ಕರೂ ಅಳೆದು ನೋಡಲೇಬೇಕು. ಅಳೆಯುವುದು ಬೆನ್ನಿನಿಂದ. ಲಂಬಾರ್ ಪಂಕ್ಚರ್, ಅಂದರೆ ಸೊಂಟದ ಹತ್ತಿರ ಬೆನ್ನಿಗೆ ಸೂಜಿ ಹಾಕಿ, ಮೆದುಳಿನ ಸುತ್ತ ಇರುವ ಅದೇ ದ್ರವದ ಒತ್ತಡ ನೋಡುವುದು. ಸ್ಕ್ಯಾನ್ ನೋಡದೆ ಇದನ್ನು ಮಾಡುವುದಿಲ್ಲ. ಒಳಗೆ ಗಡ್ಡೆಯಿದ್ದರೆ ಕೆಳಗಿನಿಂದ ನೀರು ತೆಗೆಯುವುದು ಅಪಾಯ.

ಈ ಪರೀಕ್ಷೆಗೆ ನಾನು ಸ್ಕ್ಯಾನಿಗಿಂತ ಹೆಚ್ಚು ಹೆದರಿದ್ದೆ. ಬೆನ್ನಿಗೆ ಸೂಜಿ ಅಂದರೆ ಎಲ್ಲರಿಗೂ ಯಾರೋ ಹೇಳಿದ ಒಂದು ಕಥೆ ಗೊತ್ತಿರುತ್ತದೆ. ನಡೆದದ್ದು ಇಷ್ಟು. ಪಕ್ಕಕ್ಕೆ ತಿರುಗಿಸಿ ಮಲಗಿಸಿದರು. ಮೊಣಕಾಲನ್ನು ಹೊಟ್ಟೆಗೆ, ಗಲ್ಲವನ್ನು ಎದೆಗೆ ಒತ್ತಿಕೊಂಡು ಮುದುಡಿಕೊಳ್ಳಬೇಕು. ಬೆನ್ನಿಗೆ ತಣ್ಣನೆಯ ದ್ರಾವಣ ಹಚ್ಚಿ ಒರೆಸಿದರು. ಮರಗಟ್ಟಿಸುವ ಚುಚ್ಚುಮದ್ದು ಚುರ್ ಅಂದಿತು. ನಿಜವಾಗಿ ನೋವಾದದ್ದು ಅಷ್ಟೇ. ಆಮೇಲೆ ಸೊಂಟದ ಹತ್ತಿರ ಯಾರೋ ಬೆರಳಿಂದ ಬಲವಾಗಿ ಒತ್ತಿದಂತೆ. ಒಮ್ಮೆ ಬಲಗಾಲಿಗೆ ಝಳಕ್ ಅಂತ ಒಂದು ಮಿಂಚು ಇಳಿಯಿತು. ಹೇಳಿದೆ. ಸೂಜಿಯ ದಿಕ್ಕು ಸ್ವಲ್ಪ ಬದಲಿಸಿದರು. "ಈಗ ಕಾಲು ನಿಧಾನ ಚಾಚಿ, ಮೈ ಸಡಿಲ ಬಿಡಿ, ಉಸಿರು ಬಿಗಿ ಹಿಡೀಬೇಡಿ" ಅಂದರು. ಮುದುಡಿಕೊಂಡು ಬಿಗಿಯಾಗಿದ್ದರೆ ಅಳತೆ ಸುಳ್ಳು ಸುಳ್ಳೇ ಜಾಸ್ತಿ ಬರುತ್ತದಂತೆ.

ಸೂಜಿಗೆ ಒಂದು ಪಾರದರ್ಶಕ ಕೊಳವೆಯನ್ನು ನೆಟ್ಟಗೆ ಜೋಡಿಸುತ್ತಾರೆ. ದ್ರವ ಅದರಲ್ಲಿ ತಾನಾಗಿ ಏರುತ್ತದೆ, ಎಲ್ಲಿ ನಿಲ್ಲುತ್ತದೋ ಅದೇ ಅಳತೆ. ನನಗೆ ಅದು ಕಾಣುತ್ತಿರಲಿಲ್ಲ. ಎದುರಿಗೆ ನಿಂತಿದ್ದ ನರ್ಸ್ ಕಣ್ಣು ಮೇಲೆ ಮೇಲೆ ಹೋಗುವುದು ಕಾಣುತ್ತಿತ್ತು. ದೊಡ್ಡವರಲ್ಲಿ 25 ಸೆಂಟಿಮೀಟರ್ ದಾಟಿದರೆ ಹೆಚ್ಚು ಅಂತ ಲೆಕ್ಕ. ನನ್ನದು 34ಕ್ಕೆ ನಿಂತಿತು. "ಮೂವತ್ನಾಲ್ಕು" ಅಂತ ಡಾಕ್ಟರು ಹೇಳಿದಾಗ ನನಗೆ ಮೊದಲು ಆದದ್ದು ಭಯವಲ್ಲ, ಸಮಾಧಾನ. ಅಷ್ಟು ದಿನ ನಾನು ಹೇಳುತ್ತಿದ್ದದ್ದಕ್ಕೆ ಒಂದು ಅಳತೆ ಸಿಕ್ಕಿತ್ತು. ಇನ್ನು ಯಾರೂ ಟೆನ್ಷನ್ ಅನ್ನುವ ಹಾಗಿಲ್ಲ.

ತೆಗೆದ ದ್ರವ ನೀರಿನಷ್ಟು ತಿಳಿಯಾಗಿತ್ತು. ಸೋಂಕಿಲ್ಲ, ಕೆಟ್ಟ ಕೋಶಗಳಿಲ್ಲ ಅಂತ ಲ್ಯಾಬ್‌ನಿಂದ ಬಂತು. ಬೆನ್ನಿನಿಂದ ಹೀಗೆ ದ್ರವ ತೆಗೆಯುವ ವಿಧಾನವನ್ನು ಜರ್ಮನಿಯ ಹೈನ್‌ರಿಶ್ ಕ್ವಿಂಕೆ 1891ರಲ್ಲಿ ತಿಳಿಸಿದರು. ಗಡ್ಡೆಯಿಲ್ಲದೆ ತಲೆಯೊಳಗಿನ ಒತ್ತಡ ಏರಿದವರ ಬಗ್ಗೆ ಮೊದಮೊದಲು ಬರೆದವರಲ್ಲೂ ಅವರೊಬ್ಬರು. 1937ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಇಂಥ 22 ರೋಗಿಗಳನ್ನು ಒಂದೆಡೆ ವಿವರಿಸಿದರು. ಅಂದರೆ ನನ್ನ ಕಾಯಿಲೆ ಹೊಸದೇನಲ್ಲ. ಇವತ್ತಿನ ಹೆಸರು ಇಡಿಯೋಪಥಿಕ್ ಇಂಟ್ರಾಕ್ರೇನಿಯಲ್ ಹೈಪರ್‌ಟೆನ್ಶನ್, ಚಿಕ್ಕದಾಗಿ ಐಐಎಚ್. ಕಾರಣ ತಿಳಿಯದೆ ತಲೆಯೊಳಗಿನ ಒತ್ತಡ ಏರುವುದು. ಮಿನೋಸೈಕ್ಲಿನ್ ಇದ್ದದ್ದರಿಂದ ನನ್ನ ಕಾರ್ಡಿನಲ್ಲಿ ಆ ಹೆಸರಿನ ಮುಂದೆ ಒಂದು ಪ್ರಶ್ನೆ ಚಿಹ್ನೆ ಹಾಕಿದ್ದಾರೆ.

ಡಾಕ್ಟರು ವಿವರಿಸಿದ ರೀತಿ ಹೀಗಿತ್ತು. ಮೆದುಳು, ಬೆನ್ನುಹುರಿಯ ಸುತ್ತ ಇರುವ ದ್ರವ ಒಂದು ಹೊತ್ತಿಗೆ ಸುಮಾರು 150 ಮಿಲಿಲೀಟರ್. ಆದರೆ ದಿನಕ್ಕೆ ತಯಾರಾಗುವುದು ಸುಮಾರು 500 ಮಿಲಿಲೀಟರ್. ಹಳೆಯದು ರಕ್ತಕ್ಕೆ ಸೇರಿ ಹೋಗುತ್ತಲೇ ಇರಬೇಕು. ತೊಟ್ಟಿಗೆ ನಲ್ಲಿ ಬಿಟ್ಟೇ ಇದೆ, ಹೊರಹೋಗುವ ತೂತು ಸರಿಯಾಗಿ ಬಿಡುತ್ತಿಲ್ಲ. ತಲೆಬುರುಡೆ ಮೂಳೆ, ಹಿಗ್ಗುವುದಿಲ್ಲ. ಒತ್ತಡ ಏರದೆ ಬೇರೆ ದಾರಿಯಿಲ್ಲ. ಮಲಗಿದಾಗ, ಕೆಮ್ಮಿದಾಗ ಒಳಗಿನ ಒತ್ತಡ ಮತ್ತಷ್ಟು ಏರುತ್ತದೆ, ಅದಕ್ಕೇ ಬೆಳಗಿನ ನೋವು. ಕಣ್ಣನ್ನು ಹೊರಗಡೆಗೆ ತಿರುಗಿಸುವ ಆರನೆಯ ನರ ಆ ಒತ್ತಡಕ್ಕೆ ಸೋತರೆ ಒಂದು ಎರಡಾಗಿ ಕಾಣುತ್ತದೆ. ನನ್ನ ಮೂರು ತೊಂದರೆ, ಜೊತೆಗೆ ಕಿವಿಯ ಸದ್ದು, ಇಳಿದ ಪವರ್, ಎರಡಾದ ಬೋರ್ಡು ಎಲ್ಲವೂ ಒಂದೇ ಜಾಗಕ್ಕೆ ಬಂದು ನಿಂತವು.

ಸೂಜಿ ತೆಗೆದ ಮೇಲಿನ ಒಂದೆರಡು ಗಂಟೆ ನನ್ನ ತಲೆ ಎಷ್ಟು ಹಗುರವಾಗಿತ್ತು ಅಂದರೆ ನಗು ಬಂತು. ಆ ಸುಖ ಹೆಚ್ಚು ಹೊತ್ತು ಉಳಿಯಲಿಲ್ಲ. ಮಾರನೆಯ ದಿನ ತಲೆನೋವು ಉಲ್ಟಾ ಆಯಿತು. ಎದ್ದು ಕೂತರೆ ತಡೆಯಲಾಗದ ನೋವು, ಮಲಗಿದರೆ ಮಾಯ. ಸೂಜಿ ಚುಚ್ಚಿದ ತೂತಿನಿಂದ ದ್ರವ ಸೋರಿ ಒತ್ತಡ ತಗ್ಗಿದರೆ ಹೀಗಾಗುತ್ತದೆ, ಇದು ಗೊತ್ತಿರುವ ತೊಂದರೆಯೇ ಅಂತ ಮೊದಲೇ ಹೇಳಿದ್ದರು. ಇಷ್ಟು ತಿಂಗಳು ಮಲಗಲಾರದವಳು ಈಗ ಏಳಲಾರದವಳಾದೆ. "ನಿನ್ನ ತಲೆಗೆ ಯಾವುದೂ ಸರಿ ಹೋಗಲ್ಲ" ಅಂತ ಅಕ್ಕ ರೇಗಿಸಿದಳು. ಕೆಲವು ದಿನ ಮಲಗಿ, ನೀರು ಕುಡಿದು ಅದು ಹೋಯಿತು. ಕೆಲವರಿಗೆ ಹೋಗುವುದಿಲ್ಲ, ಆಗ ಅವರದೇ ರಕ್ತ ತೆಗೆದು ಆ ಜಾಗದ ಹತ್ತಿರ ಬಿಟ್ಟು ತೂತು ಮುಚ್ಚುತ್ತಾರೆ.

ಕೊಟ್ಟ ಔಷಧ ಅಸೆಟಜೋಲಮೈಡ್. ಆ ದ್ರವ ತಯಾರಾಗುವುದನ್ನೇ ತಗ್ಗಿಸುವ ಮಾತ್ರೆ. ಶುರುವಿಗೆ 500 ಮಿಲಿಗ್ರಾಂ, ಬೆಳಿಗ್ಗೆ ಒಂದು, ರಾತ್ರಿ ಒಂದು. ಆಮೇಲೆ ಹೆಚ್ಚಿಸಿದರು. ಈ ಮಾತ್ರೆಯ ಉಪಟಳಗಳನ್ನು ಯಾರೂ ಸರಿಯಾಗಿ ಹೇಳುವುದಿಲ್ಲ, ಹಾಗಾಗಿ ನಾನೇ ಹೇಳುತ್ತೇನೆ. ಬೆರಳ ತುದಿ, ಕಾಲ್ಬೆರಳು, ಕೆಲವೊಮ್ಮೆ ತುಟಿಯ ಸುತ್ತ ಜುಮ್ ಜುಮ್ ಅನ್ನುತ್ತದೆ. ಮೊದಲ ದಿನ ಪಾರ್ಶ್ವವಾಯು ಹೊಡೆಯಿತೇನೋ ಅಂತ ಹೆದರಿದ್ದೆ. ಸೋಡಾದಂಥ ಗುಳ್ಳೆ ಬರುವ ಪಾನೀಯ ಬಾಯಿಗಿಟ್ಟರೆ ತುಕ್ಕು ನೆಕ್ಕಿದ ರುಚಿ. ಪದೇ ಪದೇ ಮೂತ್ರಕ್ಕೆ ಓಡಬೇಕು. ಮಧ್ಯಾಹ್ನಕ್ಕೆ ಸುಸ್ತು. ಮೂತ್ರಪಿಂಡದಲ್ಲಿ ಕಲ್ಲಾಗುವ ಸಾಧ್ಯತೆ ಇರುವುದರಿಂದ ನೀರು ಚೆನ್ನಾಗಿ ಕುಡಿಯಬೇಕು, ಪೊಟ್ಯಾಸಿಯಂ ನೋಡಲು ಆಗಾಗ ರಕ್ತ ಕೊಡಬೇಕು. ಸಲ್ಫಾ ಔಷಧ ಆಗಿಬರದವರು, ಬಸುರಾಗುವ ಯೋಚನೆ ಇರುವವರು ಮೊದಲೇ ಡಾಕ್ಟರಿಗೆ ಹೇಳಬೇಕು. ಇಷ್ಟಿದ್ದರೂ ಕಣ್ಣು ಉಳಿಯುತ್ತದೆ ಅಂದರೆ ಜುಮ್ ಅನ್ನುವುದು ದೊಡ್ಡದೇನಲ್ಲ.

ಕಣ್ಣು ಉಳಿಯುವುದೇ ಇಲ್ಲಿನ ಮುಖ್ಯ ಪ್ರಶ್ನೆ. ನೋವು ಕಮ್ಮಿಯಾಯಿತಾ ಅನ್ನುವುದರಿಂದ ಕಾಯಿಲೆಯ ಸ್ಥಿತಿ ತಿಳಿಯುವುದಿಲ್ಲ. ನೋವು ಇಳಿದರೂ ಊತ ಇರಬಹುದು. ನೋಟ ಮೊದಲು ಕೆಡುವುದು ಅಂಚಿನಿಂದ, ನಡುವಿನದು ಕೊನೆಯವರೆಗೂ ಚೆನ್ನಾಗಿರುತ್ತದೆ. ಹಾಗಾಗಿ ಗೋಡೆಯ ಮೇಲಿನ ಅಕ್ಷರ ಓದಿಸಿದರೆ ಸಾಲದು, ಫೀಲ್ಡ್ ಟೆಸ್ಟ್ ಆಗಬೇಕು. ಬಟ್ಟಲಿನ ಆಕಾರದ ಬಿಳಿ ಯಂತ್ರದ ಮುಂದೆ ಗಲ್ಲ ಇಟ್ಟು, ಒಂದು ಕಣ್ಣು ಮುಚ್ಚಿ, ನಡುವಿನ ದೀಪವನ್ನೇ ನೋಡುತ್ತಿರಬೇಕು. ಸುತ್ತ ಎಲ್ಲೋ ಒಂದು ಮಸುಕು ಚುಕ್ಕಿ ಮಿನುಗಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಕೆಲವು ಚುಕ್ಕಿ ಎಷ್ಟು ಮಸುಕು ಅಂದರೆ ಕಂಡಿತೋ ಕಲ್ಪಿಸಿಕೊಂಡೆನೋ ಗೊತ್ತಾಗುವುದಿಲ್ಲ. ತುಂಬಾ ಹೊತ್ತು ಏನೂ ಕಾಣದಿದ್ದರೆ ಎದೆ ಡವಡವ ಅನ್ನುತ್ತದೆ. ಪರೀಕ್ಷೆ ನಡೆಸುವವರು "ಅರ್ಧದಷ್ಟು ಚುಕ್ಕಿ ಯಾರಿಗೂ ಕಾಣಲ್ಲ, ಯಂತ್ರ ಹಾಗೇ ಇರೋದು" ಅಂದ ಮೇಲೆ ನನ್ನ ಉಸಿರು ಸಡಿಲವಾಯಿತು. ಮೊದಲ ಪರೀಕ್ಷೆಯಲ್ಲಿ ಎಲ್ಲರಿಗೂ ಸಹಜವಾಗಿ ಇರುವ ಕುರುಡು ಚುಕ್ಕೆ ನನ್ನಲ್ಲಿ ದೊಡ್ಡದಾಗಿತ್ತು, ಎಡಗಣ್ಣಿನಲ್ಲಿ ಮೂಗಿನ ಕಡೆಯ ಒಂದು ತುಂಡು ಕಪ್ಪಾಗಿತ್ತು. ಆ ತುಂಡು ಇಲ್ಲ ಅಂತ ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ತೂಕ ಇಳಿಸುವುದನ್ನೂ ಔಷಧಿ ಅಂತಲೇ ಹಿಡಿಯಿರಿ ಅಂದಿದ್ದರು. ಅಸೆಟಜೋಲಮೈಡನ್ನು ಉಪ್ಪು ಕಡಿಮೆ ಮಾಡಿ ತೂಕ ಇಳಿಸುವ ಕ್ರಮದ ಜೊತೆ ಕೊಟ್ಟಾಗ ನೋಟ ಇನ್ನಷ್ಟು ಸುಧಾರಿಸುತ್ತದೆ ಅಂತ 2014ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿದೆ. ಕಾಯಿಲೆ ಪೂರಾ ಅಡಗಬೇಕಾದರೆ ಕೆಲವರು ದೇಹದ ತೂಕದ ಶೇಕಡ 15ರವರೆಗೂ ಇಳಿಸಬೇಕಾಗಬಹುದು. ಹೇಳುವುದು ಸುಲಭ. ತಲೆ ಸಿಡಿಯುವಾಗ, ಮಾತ್ರೆಯ ಸುಸ್ತು ಮೈಮೇಲಿರುವಾಗ ನಡಿಗೆಗೆ ಹೊರಡುವುದು ಏನು ಅಂತ ಮಾಡಿದವರಿಗೇ ಗೊತ್ತು. ನನ್ನದು ಇಳಿದಿದೆ, ನಿಧಾನವಾಗಿ, ಹಟ ಮಾಡಿಕೊಂಡು. ಮಾತ್ರೆ, ತೂಕ ಯಾವುದಕ್ಕೂ ಬಗ್ಗದೆ ನೋಟ ಬೇಗ ಬೇಗ ಹೋಗುತ್ತಿದ್ದರೆ ಆಪರೇಷನ್ ಇದೆ. ದ್ರವವನ್ನು ಹೊಟ್ಟೆಗೆ ಇಳಿಸುವ ಶಂಟ್ ಕೊಳವೆ, ಕಣ್ಣಿನ ನರದ ಹೊದಿಕೆಯಲ್ಲಿ ಸಣ್ಣ ಸೀಳು, ಕಿರಿದಾದ ನಾಳಕ್ಕೆ ಸ್ಟೆಂಟ್. ನನಗೆ ಅವುಗಳ ಅಗತ್ಯ ಬರಲಿಲ್ಲ.

ಎರಡೆರಡು ಕಾಣುವುದು ಮೊದಲು ನಿಂತಿತು. ನಂತರ ಬಗ್ಗಿ ಎದ್ದಾಗ ಕಣ್ಣು ಕಪ್ಪಾಗುವುದು. ವಾಕರಿಕೆ ಯಾವಾಗ ಹೋಯಿತು ಅಂತ ಹೇಳಲಾರೆ, ಒಂದು ಬೆಳಿಗ್ಗೆ ಅದಿಲ್ಲ ಅನ್ನುವುದು ಗಮನಕ್ಕೆ ಬಂತು. ಕಿವಿಯ ಸದ್ದು ಎಲ್ಲಕ್ಕಿಂತ ಕೊನೆಗೆ. ತಲೆನೋವು ಪೂರ್ತಿ ಹೋಗಿಲ್ಲ. ಈಗ ಬರುವುದರಲ್ಲಿ ಒಂದಷ್ಟು ನಿಜವಾದ ಮೈಗ್ರೇನ್ ಅಂತೆ, ಐಐಎಚ್ ಇರುವವರಲ್ಲಿ ಅದು ಸಾಮಾನ್ಯ. ಮೊದಲನೆಯ ಡಾಕ್ಟರು ಇದನ್ನು ಕೇಳಿದರೆ ಏನನ್ನುತ್ತಾರೋ!

ಇದೆಲ್ಲ ಆದದ್ದು ಮೊಡವೆ ಮಾತ್ರೆಯಿಂದಲಾ, ತೂಕದಿಂದಲಾ, ಎರಡೂ ಸೇರಿಯಾ? ಕೇಳಿದೆ. "ಮಾತ್ರೆ ನಿಲ್ಲಿಸಿದ್ದೂ ತೂಕ ಇಳಿದದ್ದೂ ಒಂದೇ ಕಾಲದಲ್ಲಿ. ಯಾವುದರಿಂದ ಗುಣ ಆಯ್ತು ಅಂತ ಹೇಗೆ ಹೇಳಲಿ?" ಅಂದರು ಡಾಕ್ಟರು. ಆ ಮಾತ್ರೆಯನ್ನು ಮತ್ತೆ ನುಂಗಿ ನೋಡುವ ಪ್ರಶ್ನೆಯಂತೂ ಇಲ್ಲ. ಮಿನೋಸೈಕ್ಲಿನ್, ಡಾಕ್ಸಿಸೈಕ್ಲಿನ್, ಐಸೊಟ್ರೆಟಿನಾಯಿನ್, ವಿಟಮಿನ್ ಎ — ಈ ನಾಲ್ಕು ಹೆಸರು ನನ್ನ ಫೈಲಿನ ಮೊದಲ ಪುಟದಲ್ಲಿ ಕೆಂಪು ಇಂಕಿನಲ್ಲಿವೆ. ಜ್ವರಕ್ಕೆ ಹೋದರೂ, ಹಲ್ಲಿಗೆ ಹೋದರೂ ಆ ಪುಟ ತೆಗೆದು ತೋರಿಸುತ್ತೇನೆ. ಕಳೆದ ಸಲದ ಫೀಲ್ಡ್ ಟೆಸ್ಟಿನಲ್ಲಿ ಎಡಗಣ್ಣಿನ ಕಪ್ಪು ತುಂಡು ಬಹುತೇಕ ಹೋಗಿತ್ತು, ಮೂಗಿನ ಪಕ್ಕದ ಒಂದು ಚೂರು ಉಳಿದಿದೆ. ಅದು ಹಾಗೇ ಇರಬಹುದು ಅಂದಿದ್ದಾರೆ. ಮಾತ್ರೆ ಅರ್ಧಕ್ಕೆ ಇಳಿಸಿದ್ದಾರೆ. ಇಳಿಸಿದ ಮೇಲೆ ಊತ ಮತ್ತೆ ಬರುತ್ತದಾ ಅಂತ ನೋಡಲು ಮುಂದಿನ ತಿಂಗಳು ಮತ್ತೆ ಡ್ರಾಪ್ಸ್, ಮತ್ತೆ ಓಸಿಟಿ.